ಆಯಾಸಂ ಉಂದಾ, ಅಮ್ಮಾ?

ನಾರಾಯಣಗೂಡ
7 ಜುಲೈ 2024

ಅವ್ವಾ,

ಪತ್ರವನ್ನು ಹೇಗೆ ಶುರು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ಇಂಗ್ಲಿಷಿನಲ್ಲಾದರೆ ಲೀವ್ ಲೆಟರ್ ಬರೆಯಲು ಬರುತ್ತದೆ. ಜ್ವರ ಬಂದಿದೆ, ಎರಡು ದಿನ ರಜೆ ಕೊಡಿ, ಥ್ಯಾಂಕಿಂಗ್ ಯೂ. ನಿನಗೆ ಹಾಗೆ ಬರೆಯಲಾಗುವುದಿಲ್ಲ. ಅದಕ್ಕೆ ಸುಮ್ಮನೆ ಅವ್ವಾ ಎಂದು ಬರೆದು ಸ್ವಲ್ಪ ಹೊತ್ತು ಕೂತಿದ್ದೆ.

ಇಲ್ಲಿ ಇಂಟರ್ ಫಸ್ಟ್ ಇಯರ್ ಹುಡುಗರು ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಭಾನುವಾರ ವಾರ್ಡನ್ ಶ್ರೀನಿವಾಸ ಸರ್ ಅವರ ಫೋನಿನಿಂದ ಮನೆಗೆ ಮಾತಾಡಬಹುದು, ಆದರೆ ಬೆನ್ನ ಹಿಂದೆ ಇಡೀ ಫ್ಲೋರ್ ಕ್ಯೂ ನಿಂತಿರುತ್ತದೆ. ನಾನು ಕನ್ನಡದಲ್ಲಿ ಬಾಯಿ ತೆರೆದರೆ ಸಾಕು, ‘ಏಂ ಭಾಷ ರಾ ಅದಿ?’, ಅದೇನು ಭಾಷೆಯೋ ಎಂದು ತೆಲುಗಿನಲ್ಲಿ ನಗುತ್ತಾರೆ. ಇವತ್ತು ನೀನು ‘ಉಂಡೇನಪಾ?’ ಎಂದೆ, ನಾನು ಹೂಂ ಎಂದೆ. ‘ಅಭ್ಯಾಸ ಹೆಂಗ ನಡದೈತಿ?’ ಎಂದೆ, ಅದಕ್ಕೂ ಹೂಂ ಎಂದೆ. ಅಷ್ಟರಲ್ಲಿ ಅಪ್ಪ ಫೋನ್ ತೆಗೆದುಕೊಂಡು, ‘ನಿಮ್ಮವ್ವಗ ಒಂದ ಸಣ್ಣ ಆಪರೇಷನ್ ಅಂತ ಹೇಳ್ಯಾರ, ನೀ ಚಿಂತಿ ಮಾಡಬ್ಯಾಡ’ ಎಂದು ಇಟ್ಟೇಬಿಟ್ಟ. ನನ್ನ ಹಿಂದಿನ ಹುಡುಗ ಭುಜ ತಟ್ಟಿದ. ನಾನು ಪಕ್ಕಕ್ಕೆ ಸರಿದೆ.

ಸಣ್ಣ ಆಪರೇಷನ್ ಎಂದರೆ ಏನು? ಎದೆಯದ್ದೇ ಅಲ್ಲವೇ? ನನಗೆ ತಿಳಿದ ದಿನದಿಂದ ನಿನ್ನ ಬೇನೆ ಎಂದರೆ ಎದೆಯದ್ದು. ಎದೆಯ ಆಪರೇಷನ್ ಸಣ್ಣದು ಹೇಗಾಗುತ್ತದೆ? ಅಪ್ಪ ಸಣ್ಣದು ಎಂದದ್ದಕ್ಕೇ ನನಗೆ ಟೆನ್ಶನ್ ಜಾಸ್ತಿಯಾಗಿದೆ. ನೀನೇ ಬರೆದು ತಿಳಿಸು.

ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿರುವವನು, ಇವನಿಗೆ ರೂಢಿ ಇದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಸ್ಕೂಲಿನಲ್ಲಿ ಗುಡ್ಡ ಕಾಣುತ್ತಿತ್ತು. ಇಲ್ಲಿ ಕಿಟಕಿ ತೆರೆದರೆ ಎದುರಿನ ಕೋಚಿಂಗ್ ಸೆಂಟರಿನ ಕಿಟಕಿ. ಅಲ್ಲೂ ನಮ್ಮಂಥವರೇ ಕೂತಿರುತ್ತಾರೆ.

ಈ ಪತ್ರವನ್ನು ಅಮೋಲ್ ಪೋಸ್ಟ್ ಮಾಡುತ್ತಾನೆ. ನನ್ನ ಕ್ಲಾಸಿನವನು, ಮನೆಯಿಂದ ಬಂದುಹೋಗುತ್ತಾನೆ. ಅವರ ಮನೆಯಲ್ಲೂ ಕನ್ನಡ ಮಾತಾಡುತ್ತಾರಂತೆ, ಅದನ್ನು ನನ್ನ ಕಿವಿಯಲ್ಲಿ ಹೇಳಿದ.

ನೀರಿನ ಕೊಡವನ್ನು ಅಪ್ಪ ಎತ್ತಲಿ. ದಯವಿಟ್ಟು ಆಯಾಸ ಮಾಡಿಕೊಳ್ಳಬೇಡ.

ನಿನ್ನ ಮಗ,
ಬಸವಕಿರಣ


ಪಟಾನ್‌ಚೆರು
16 ಜುಲೈ 2024

ಕಿರಣ ತಮ್ಮಾ,

ನೀ ಬರದದ್ದು ಮುಟ್ಟಿತು. ನಿಮ್ಮಪ್ಪಾರು ‘ಕೊಡಿಲ್ಲೆ, ನಾ ಓದತೀನಿ’ ಅಂದ್ರು, ನಾ ಕೊಡಲಿಲ್ಲ. ಮೊದಲ ನಾ ಓದಿದೆ. ಓದಿ ನಕ್ಕೆ. ನೀ ಮಾತಾಡೂದು ನಮ್ಮಂಗ, ಬರಿಯೂದು ಮಾತ್ರ ಪೇಪರಿನಾಗ ಬರತೈತಲ್ಲ ಹಂಗ. ಸೂಟಿಗೆ ಬಂದಾಗ ಪೇಪರ ಮುಂದಿಟ್ಟು ಅಕ್ಷರ ಕಲಿಸಿದಾಕಿ ನಾನ, ಯಾರಿಗೆ ಬೈಲಿ? ‘ಆಯಾಸ ಮಾಡಿಕೊಳ್ಳಬೇಡ’ ಅಂತ ಬರದೀಯಲ್ಲ, ಬಾಜೂಮನಿ ಅಂಬುಬಾಯಿಗೆ ಓದಿ ಹೇಳಿದೆ. ಬೀದರದಾಕಿ. ‘ನಿನ್ನ ಮಗ ಮಾಸ್ತರ ಆಗತಾನ ನೋಡು ಸೂಗಮ್ಮಾ’ ಅಂದ್ಲು. ನಮ್ಮ ಕಡೆ ಆಯಾಸ ಅಂತ ಯಾರಂತಾರ? ದಣಿವು ಅಂತೀವಿ, ಸಾಕಾಗೈತಿ ಅಂತೀವಿ. ಇರಲಿ, ಒಂದು ಶಬ್ದ ಕಲತಂಗ ಆತು. ಇನ್ನ ನಾ ಆಯಾಸ ಮಾಡಿಕೊಳ್ಳಂಗಿಲ್ಲ, ಸರಿ?

ಸಣ್ಣ ಆಪರೇಷನ್ ಅಲ್ಲ. ನಿಮ್ಮಪ್ಪಾರು ಅಂಜತಾರ, ಅದಕ್ಕ ಸಣ್ಣದು ಅಂತಾರ. ಎದಿಯೊಳಗ ಬಾಗಲಾ ಇದ್ದಂಗ ಇರತಾವಂತ. ನಾ ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರಾ ಬಂದಿತ್ತು, ಆವಾಗಿಂದ ಒಂದು ಬಾಗಲಾ ಬಿಗೀತ ಬಂದು ಈಗ ಪೂರ್ತಿ ತೆರೀವಲ್ದಂತ. ಅದನ್ನ ತಗದು ಬ್ಯಾರೇದು ಕೂಡಸ್ತಾರ. ಅದರಾಗ ಎರಡು ನಮೂನಿ. ಒಂದು ಲೋಹದ್ದು, ಒಂದು ದನದ್ದು. ಡಾಕ್ಟರು ಯಾವುದು ಅಂತ ಕೇಳಿದಾಗ ನಿಮ್ಮಪ್ಪಾರ ಮಾರಿ ನೋಡಬೇಕಿತ್ತು. ‘ಸಾಬ್, ಹಮ್ ಲಿಂಗಾಯತ್ ಹೈ’ ಅಂದ್ರು. ಡಾಕ್ಟರು ನಕ್ಕು, ‘ಈಕಿಗೆ ವಯಸ್ಸು ಸಣ್ಣದು, ಲೋಹದ್ದ ಹಾಕತೀವಿ, ಭಾಳ ವರ್ಷ ಬರತೈತಿ’ ಅಂದ್ರಂತ.

ಎದಿ ತೋರಸಾಕ ಹ್ವಾದ್ರ ಮೊದಲ ಬಾಯಿ ತೆರಿ ಅಂದ್ರು. ಹುಳುಕು ಹಲ್ಲಿನ ನಂಜು ಎದಿಗೆ ಏರತೈತಂತ. ಎರಡು ದವಡಿ ಹಲ್ಲು ಕಿತ್ತು ಕಳಿಸ್ಯಾರ. ಒಂದ ಕಡೆ ರೊಟ್ಟಿ ಅಗೀತೀನಿ. ಮತ್ತ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟಾರ, ಅದರಾಗ ಮೂರು ಗುಂಡು ಅದಾವ. ನಳಿಗಿ ಬಾಯಾಗ ಹಿಡದು ಉಸರು ಎಳದ್ರ ಗುಂಡು ಮ್ಯಾಲ ಏರತಾವ. ನನಗ ಒಂದ ಏರತೈತಿ. ಅಂಬುಬಾಯಿ ಎಳದ್ಲು, ಮೂರೂ ಟಕ್ಕಂತ ಏರಿದ್ವು. ಆಕಿಗೆ ಎಷ್ಟು ಖುಷಿ ಅಂತಿ. ಓಣ್ಯಾಗೆಲ್ಲ ಹೇಳಿಕೊಂಡು ಬಂದ್ಲು.

ದವಾಖಾನ್ಯಾಗ ಎಲ್ಲಾರೂ ತೆಲುಗು. ನಿಮ್ಮಪ್ಪಾರು ಫ್ಯಾಕ್ಟರ್ಯಾಗ ಬಿಹಾರದವರ ಕೂಡ ಮಾತಾಡಿ ಮಾತಾಡಿ ಹಿಂದಿ ಕಲತಾರ, ಅದರಾಗ ನಡಸ್ತಾರ. ನನಗ ಅದೂ ಇಲ್ಲ, ಇದೂ ಇಲ್ಲ. ಸುರಪುರದಿಂದ ಬಂದಾಗಿಂದ ಈ ಓಣಿ ಬಿಟ್ಟು ನಾ ಎಲ್ಲಿ ಹೋಗೀನಿ? ಉಂದಿ ಅಂದ್ರ ಐತಿ, ಲೇದು ಅಂದ್ರ ಇಲ್ಲ, ಚಾಲು ಅಂದ್ರ ಸಾಕು, ಇಷ್ಟ ಬರತಾವ.

ಚಿಂತಿ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಉಂಡು ಮಾಡು.

ನಿಮ್ಮವ್ವ


ನಾರಾಯಣಗೂಡ
1 ಆಗಸ್ಟ್ 2024

ಅವ್ವಾ,

ಮುಂದಿನ ಗುರುವಾರ ಎಂದು ಅಪ್ಪ ಹೇಳಿದ. ನಾನು ಬರುತ್ತೇನೆ ಎಂದೆ. ‘ನೀ ಬಂದು ಏನ ಮಾಡ್ತಿ? ಒಬ್ಬರಿಗೇ ಪಾಸ್ ಕೊಡತಾರ, ಹೊರಗ ನಿಲ್ಲತಿಯೇನು?’ ಎಂದ. ನಿಲ್ಲುತ್ತೇನೆ ಎನ್ನಬೇಕಿತ್ತು. ಹೂಂ ಎಂದೆ. ಫೋನಿನಲ್ಲಿ ನನಗೆ ಹೂಂ ಬಿಟ್ಟು ಬೇರೆ ಮಾತೇ ಬರುವುದಿಲ್ಲ.

ಆಮೇಲೆ ಧೈರ್ಯ ಮಾಡಿ ವಾರ್ಡನ್ ಹತ್ತಿರ ಔಟ್‌ಪಾಸ್ ಕೇಳಲು ಹೋದೆ. ಅವರು ಯಾರಿಗೋ ಗೀಸರ್ ವಿಷಯಕ್ಕೆ ಬಯ್ಯುತ್ತಿದ್ದರು. ‘ಏಂಟಿ?’, ಏನು ಎಂದರು. ‘ಏಂ ಲೇದು ಸಾರ್’, ಏನಿಲ್ಲ ಎಂದು ವಾಪಸ್ ಬಂದೆ.

ಅಮೋಲ್ ತನ್ನ ಮನೆಯಲ್ಲಿ ಫೋನಿನಲ್ಲಿ ನೋಡಿ ಬಂದು ಎಲ್ಲ ಹೇಳಿದ. ಎದೆಯ ನಡುವಿನ ಎಲುಬು ಕೊಯ್ಯುತ್ತಾರಂತೆ. ಹೃದಯವನ್ನು ನಿಲ್ಲಿಸಿ ಆ ಹೊತ್ತು ರಕ್ತವನ್ನು ಒಂದು ಮಷೀನಿನಿಂದ ಓಡಿಸುತ್ತಾರಂತೆ. ಕೆಲಸ ಮುಗಿದ ಮೇಲೆ ಮತ್ತೆ ಶುರು ಮಾಡುತ್ತಾರಂತೆ. ‘ಶುರು ಆಗೇ ಆಗ್ತದಂತ, ಹೆದರಬ್ಯಾಡ’ ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವತ್ತಿನಿಂದ ನಾನು ಫಿಸಿಕ್ಸ್ ಪುಸ್ತಕದ ಒಂದೇ ಪುಟ ತೆರೆದುಕೊಂಡು ಕೂತಿದ್ದೇನೆ.

ನಿನಗೆ ಹೆದರಿಕೆ ಆಗುತ್ತಿದೆಯೇ? ಆಗುತ್ತಿದ್ದರೆ ನನಗೆ ಬರೆ. ನನಗೆ ಆಗುತ್ತಿದೆ.

ಈ ಪತ್ರ ನೀನು ಅಡ್ಮಿಟ್ ಆಗುವುದಕ್ಕೆ ಮೊದಲೇ ಮುಟ್ಟಬೇಕು. ಮುಟ್ಟದಿದ್ದರೆ ಅಂಬುಬಾಯಿ ತೆಗೆದಿಟ್ಟಿರಲಿ.

ನಿನ್ನ
ಕಿರಣ


ನಾರಾಯಣಗೂಡ
11 ಆಗಸ್ಟ್ 2024, ಭಾನುವಾರ

ಅವ್ವಾ,

ಇದನ್ನು ನೀನು ಯಾವಾಗ ಓದುತ್ತೀಯೋ ಗೊತ್ತಿಲ್ಲ. ಐಸಿಯುನಲ್ಲಿ ಪತ್ರ ಕೊಡುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಯಾರಿಗಾದರೂ ಹೇಳಬೇಕು, ಹೇಳಲು ನೀನೇ ಇರುವುದು.

ಗುರುವಾರ ನಾನು ಬೆಳಿಗ್ಗೆ ಎದ್ದು ತಣ್ಣೀರಿನಲ್ಲಿ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡೆ. ಟಿಫಿನ್ ತಿನ್ನಲಿಲ್ಲ. ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬರೆದುಕೊಂಡೆ, ಈಗ ನೋಡಿದರೆ ಅದು ನನ್ನ ಅಕ್ಷರದ ಹಾಗೇ ಇಲ್ಲ. ಈಗ ಕೊಯ್ದಿರುತ್ತಾರೆ, ಈಗ ನಿಲ್ಲಿಸಿರುತ್ತಾರೆ, ಈಗ ಶುರುವಾಗಿರಬಹುದು, ಇಡೀ ದಿನ ಇದೇ. ಸಂಜೆಯವರೆಗೂ ಆಫೀಸಿನಿಂದ ಯಾರೂ ನನ್ನನ್ನು ಕರೆಯಲಿಲ್ಲ. ಕೆಟ್ಟ ಸುದ್ದಿಯಾಗಿದ್ದರೆ ಕರೆದೇ ಕರೆಯುತ್ತಿದ್ದರು. ಹಾಗಾದರೆ ಆಯಿತು, ಅವ್ವ ಪಾಸಾದಳು ಎಂದುಕೊಂಡೆ. ಊಟಕ್ಕೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡೆ.

ಶನಿವಾರ ಮಧ್ಯಾಹ್ನ ನೀರಿನ ಟ್ಯಾಂಕ್ ತುಂಬಿ ಕಾರಿಡಾರಿನಲ್ಲೆಲ್ಲ ನೀರು ಹರಿಯಿತು. ಹುಡುಗರು ಬಕೆಟ್ ಹಿಡಿದು ಒಬ್ಬರ ಮೇಲೊಬ್ಬರು ಎರಚಾಡಿದರು. ಸಾಮಾನ್ಯವಾಗಿ ನಾನು ಬಾಗಿಲ ಹಿಂದೆ ನಿಲ್ಲುವವನು. ಅವತ್ತು ನಾನೂ ಹೋದೆ. ಜಾರಿ ಬಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ಹಾಸ್ಟೆಲಿಗೆ ಬಂದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಇವತ್ತು ಫೋನಿನಲ್ಲಿ ಅಪ್ಪ ಹೇಳಿದ, ‘ಗುರುವಾರ ಬೆಡ್ ಖಾಲಿ ಇರಲಿಲ್ಲಪಾ, ಮುಂದ ಹಾಕಿದ್ರು. ನಿನ್ನೆ ಆತು. ಮಧ್ಯಾಹ್ನ ಒಳಗ ಒಯ್ದ್ರು, ಕತ್ತಲಾದ ಮ್ಯಾಲ ಹೊರಗ ತಂದ್ರು. ಆರಾಮ ಅದಾಳ, ಇನ್ನ ಕಣ್ಣ ತೆರದಿಲ್ಲ.’

ನಾನು ಹೂಂ ಎಂದೆ.

ನಾನು ಉಪವಾಸವಿದ್ದ ದಿನ ನೀನು ಹಾಸಿಗೆಯ ಮೇಲೆ ಕೂತು ಗುಂಡು ಏರಿಸುತ್ತಿದ್ದೆ. ನಿನ್ನ ಎದೆ ನಿಂತಿದ್ದ ಹೊತ್ತಿನಲ್ಲಿ ನಾನು ನೀರಿನಲ್ಲಿ ಬಿದ್ದು ನಗುತ್ತಿದ್ದೆ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ನನಗೆ ಗೊತ್ತು, ಅಮೋಲನೂ ಅದನ್ನೇ ಹೇಳಿದ. ಆದರೂ ಈ ಊರಿನಲ್ಲೇ ಇದ್ದು, ಬಸ್ಸಿನಲ್ಲಿ ಕೂತರೆ ತಲುಪುವ ದೂರದಲ್ಲಿದ್ದು, ನನಗೆ ದಿನ ಯಾವುದೆಂದು ಕೂಡ ಗೊತ್ತಿರಲಿಲ್ಲವಲ್ಲ ಅವ್ವಾ.

ಕಣ್ಣು ತೆರೆದ ಮೇಲೆ ಒಂದು ಸಾಲು ಬರೆಸು. ಅಪ್ಪನ ಕೈಯಲ್ಲಾದರೂ ಸರಿ.

ಕಿರಣ


ಪಟಾನ್‌ಚೆರು
12 ಸೆಪ್ಟೆಂಬರ್ 2024

ಕಿರಣ,

ನಿಮ್ಮಪ್ಪಾರ ಕೈಲೆ ಬರಸಬೇಕಂದ್ರ ಅವರು ‘ಆರಾಮ ಅದಾಳ’ ಅನ್ನೂದು ಬಿಟ್ಟು ಏನೂ ಬರಿಯಂಗಿಲ್ಲ. ಅದಕ್ಕ ತಡಾ ಆದ್ರೂ ನಾನ ಬರೀತೀನಿ. ಅಕ್ಷರ ಸೊಟ್ಟ ಆಗ್ಯಾವ, ನಗಬ್ಯಾಡ.

ಮನಿಗೆ ಬಂದೀನಿ. ಕೊರಳ ತಗ್ಗಿನಿಂದ ಕೆಳಗಿನ ಮಟಾ ಗಾಯ ಐತಿ, ಒಳಗ ಎಲುಬಿಗೆ ತಂತಿ ಹಾಕಿ ಬಿಗದಾರಂತ. ಕೆಮ್ಮು ಬಂದ್ರ ದಿಂಬು ಎದಿಗೆ ಒತ್ತಿ ಹಿಡಕೊಂಡು ಕೆಮ್ಮಬೇಕು. ಕೈ ಮ್ಯಾಲ ಎತ್ತಂಗಿಲ್ಲ, ಅದಕ್ಕ ಅಂಬುಬಾಯಿ ಹೆರಳು ಹಾಕತಾಳ. ಎಷ್ಟು ಬಿಗದು ಹಾಕತಾಳಂದ್ರ ಎದಿಕಿಂತ ತಲಿನ ಜಾಸ್ತಿ ನೋಯತೈತಿ. ರಕ್ತ ತೆಳು ಇರಲಿ ಅಂತ ಗುಳಗಿ ಕೊಟ್ಟಾರ. ಪುಂಡಿಪಲ್ಯ ಮನಸಿಗೆ ಬಂದಂಗ ತಿನ್ನಂಗಿಲ್ಲಂತ. ಅದ ಕೇಳಿ ಭಾಳ ಬ್ಯಾಸರಾತು.

ಒಳಗ ಒಯ್ಯೂಮುಂದ ಬಳಿ, ತಾಳಿ, ಕೊರಳಾಗಿನ ಲಿಂಗ, ಎಲ್ಲಾ ತಗೀರಿ ಅಂದ್ರು. ಬಳಿ ತಗದೆ. ತಾಳಿ ತಗದೆ. ಲಿಂಗ ಮಾತ್ರ ಯಾರ ಕೈಯಾಗ ಕೊಡ್ಲಿ? ಹುಟ್ಟಿದಾಗಿಂದ ಮೈಮ್ಯಾಲಿಂದ ಇಳಿಸಿಲ್ಲ. ನಿಮ್ಮಪ್ಪಾರು ಸುಮ್ಮನ ಬಂದು ತಗೊಂಡು ತಮ್ಮ ಕೊರಳಾಗ ಕಟ್ಟಿಕೊಂಡ್ರು. ಆಪರೇಷನ್ ಮುಗಿಯೂಮಟಾ ಎರಡು ಲಿಂಗ ಕಟ್ಟಿಕೊಂಡು ಹೊರಗ ಕುಂತಿದ್ರಂತ. ನನಗ ಅಂಬುಬಾಯಿ ಹೇಳಿದ್ಲು.

ವಾರಕ್ಕೊಮ್ಮೆ ದವಾಖಾನಿಂದ ಒಂದು ಹುಡುಗಿ ಫೋನ್ ಮಾಡತಾಳ. ನಿಮ್ಮಪ್ಪಾರು ಫ್ಯಾಕ್ಟರ್ಯಾಗ ಇರತಾರ, ನಾನ ಮಾತಾಡಬೇಕು. ‘ಜ್ವರಂ ಉಂದಾ ಅಮ್ಮಾ?’ ಅಂತಾಳ. ಜ್ವರ ಅಂದ್ರ ಜ್ವರಾನ, ಅದು ತಿಳೀತೈತಿ. ‘ಲೇದು’ ಅಂತೀನಿ. ‘ಆಯಾಸಂ ಉಂದಾ?’ ಅಂತಾಳ. ಆವಾಗ ನಿನ್ನ ಪತ್ರ ನೆಪ್ಪಾಗಿ ನಗು ಬರತೈತಿ. ನೀ ಕಲಿಸಿದ್ದು ಉಪಯೋಗಕ್ಕ ಬಂತು ನೋಡು. ಕಸಾ ಹೊಡದಿಲ್ಲ, ನೀರು ತಂದಿಲ್ಲ, ಹಾಸಿಗಿ ಮ್ಯಾಲ ಕುಂತಾಕಿಗೆ ಎಲ್ಲೀ ಆಯಾಸ? ‘ಲೇದಮ್ಮಾ, ಲೇದು’ ಅಂತೀನಿ. ‘ವೆರಿ ಗುಡ್ ಅಮ್ಮಾ’ ಅಂತ ಇಡತಾಳ. ಮೂರು ಸಲ ವೆರಿ ಗುಡ್ ತಗೊಂಡೀನಿ.

ಖರೇ ಹೇಳತೀನಿ, ನಿಮ್ಮಪ್ಪಾರ ಮುಂದ ಅನ್ನಬ್ಯಾಡ. ಅಡ್ಡಾದ್ರ ದಮ್ಮು ಹತ್ತತೈತಿ. ದಿಂಬು ಒಟ್ಟಿ ಗ್ವಾಡಿಗೆ ಆನಿಕೊಂಡು ಕುಂತ ನಿದ್ದಿ ಮಾಡತೀನಿ. ಕಾಲುಂಗರ ಬಿಗಿಯಾಗಿ ಸಾಬಾಣ ಹಚ್ಚಿ ತಗದೆ. ಈ ಪತ್ರಾನೂ ಒಮ್ಮೆಲೆ ಬರಿಯಾಕ ಆಗಿಲ್ಲ, ನಿನ್ನೆ ಅರ್ಧ ಇವತ್ತು ಅರ್ಧ. ಗ್ಯಾಸ್ ಇರಬೇಕು. ಅವರು ಈಗಷ್ಟ ಕೆಲಸಕ್ಕ ಹೋಗಾಕತ್ತಾರ, ಹೇಳಿದ್ರ ನಡದಾರ್ಯಾಗ ಬಸ್ ಇಳದು ತಿರುಗಿ ಬರತಾರ. ಅಂಬುಬಾಯಿಗೆ ಹೇಳಿದ್ರ ಓಣಿಗೇ ಗೊತ್ತಾಗತೈತಿ. ನಿನಗ ಹೇಳಿದ್ರ ಏನೂ ಆಗಂಗಿಲ್ಲ. ನೀ ದೂರ ಅದಿ, ಓದಿ ಮಡಚಿ ಪೆಟ್ಟಿಗ್ಯಾಗ ಇಡತಿ. ಬರದ್ರ ನನಗೂ ಹಗುರ ಆಗತೈತಿ.

ದಸರಾಕ್ಕ ಬಾ. ಹೋಳಿಗಿ ಅಂಬುಬಾಯಿ ಮಾಡತಾಳಂತ, ನಾ ಬಾಜೂಕ ಕುಂತು ಹೇಳತೀನಿ.

ನಿಮ್ಮವ್ವ


ನಾರಾಯಣಗೂಡ
19 ಸೆಪ್ಟೆಂಬರ್ 2024

ಅವ್ವಾ,

ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ. ನಿನ್ನೆ ಔಟ್‌ಪಾಸ್ ಸಿಕ್ಕಿ ನಾನು ಐಸಿಯು ಒಳಗೆ ಬಂದಾಗ ನೀನು ಮುಖ ಆ ಕಡೆ ತಿರುಗಿಸಿದೆ. ಸಿಸ್ಟರ್ ನನ್ನನ್ನು ಬೇಗ ಹೊರಗೆ ಕಳಿಸಿದರು, ಹೇಳಬೇಕಾದದ್ದು ಹೇಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಸೋಮವಾರ ಸಂಜೆ ನಿನ್ನ ಪತ್ರ ಬಂತು. ಮೆಟ್ಟಿಲ ಮೇಲೆ ನಿಂತು ಓದಿದೆ. ಅಂಬುಬಾಯಿಯ ಹೆರಳಿಗೆ ನಕ್ಕೆ. ಅಪ್ಪನ ಎರಡು ಲಿಂಗದ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಆ ಹುಡುಗಿಯ ಫೋನು. ಅಲ್ಲಿಯೂ ನಕ್ಕೆ, ನೀನು ನಗಿಸಲೆಂದೇ ಬರೆದಿದ್ದೆಯಲ್ಲ. ಆಮೇಲೆ ‘ಅಡ್ಡಾದ್ರ ದಮ್ಮು ಹತ್ತತೈತಿ’ ಎಂಬಲ್ಲಿಗೆ ಬಂದೆ. ಬಂದು ಮತ್ತೆ ಮೇಲಕ್ಕೆ ಹೋದೆ.

ತೆಲುಗಿನಲ್ಲಿ ಆಯಾಸಂ ಎಂದರೆ ದಣಿವಲ್ಲ ಅವ್ವಾ. ದಮ್ಮು. ಉಸಿರು ಸಾಲದೆ ಏದುವುದು. ಹಳೆಯ ಸ್ಕೂಲಿನಲ್ಲಿ ಓಟ ಮುಗಿಸಿ ಮೊಣಕಾಲು ಹಿಡಿದು ನಿಂತರೆ ಪಿ.ಟಿ. ಸರ್ ‘ಆಯಾಸಮಾ ರಾ?’ ಎನ್ನುತ್ತಿದ್ದರು. ನನಗೆ ಎರಡೂ ಗೊತ್ತಿತ್ತು. ಆದರೆ ಕನ್ನಡದ ಆಯಾಸ ಪುಸ್ತಕದಲ್ಲಿತ್ತು, ತೆಲುಗಿನದು ಗ್ರೌಂಡಿನಲ್ಲಿತ್ತು. ಎರಡನ್ನೂ ಒಟ್ಟಿಗೆ ನೋಡಿದ್ದು ನಿನ್ನ ಪತ್ರದಲ್ಲೇ. ಉಸಿರು ಸಾಲುತ್ತಿಲ್ಲವೇ ಎಂದು ಅವಳು ವಾರವಾರ ಕೇಳಿದ್ದಾಳೆ, ಇಲ್ಲ ಇಲ್ಲ ಎಂದು ನೀನು ವಾರವಾರ ಹೇಳಿದ್ದೀಯ.

ನೀನು ಬರೆದು ಆಗಲೇ ನಾಲ್ಕು ದಿನವಾಗಿತ್ತು.

ನಾನು ವಾರ್ಡನ್ ರೂಮಿಗೆ ಹೋದೆ. ಅವರು ಟಿವಿ ನೋಡುತ್ತಿದ್ದರು. ‘ಸಾರ್, ಫೋನ್ ಕಾವಾಲಿ’, ಫೋನ್ ಬೇಕು ಎಂದೆ. ತಿರುಗದೆಯೇ ‘ಆದಿವಾರಂ’, ಭಾನುವಾರ ಎಂದರು. ಯಾವಾಗಿನಂತೆ ವಾಪಸ್ ಬರಲು ನನ್ನ ಕಾಲು ತಿರುಗಿತು, ಸುಳ್ಳು ಹೇಳುವುದಿಲ್ಲ. ಆದರೆ ಕೈ ಬಾಗಿಲ ಚೌಕಟ್ಟು ಹಿಡಿದುಕೊಂಡಿತ್ತು. ‘ಮಾ ಅಮ್ಮಕಿ ಆಯಾಸಂ ಸಾರ್’ ಎಂದೆ. ‘ಗುಂಡೆ ಆಪರೇಷನ್ ಅಯಿಂದಿ. ಪಡುಕುಂಟೆ ಆಯಾಸಂ.’ ಹೃದಯದ ಆಪರೇಷನ್ ಆಗಿದೆ, ಮಲಗಿದರೆ ದಮ್ಮು ಎಂದೆ.

ಅವರು ಟಿವಿ ಆರಿಸಿ ಎದ್ದು ನಿಂತರು. ಅವರಿಗೆ ನಾನು ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಫೋನ್ ನನ್ನ ಕೈಯಲ್ಲಿಟ್ಟು ‘ಚೆಯ್ ರಾ’, ಮಾಡು ಎಂದರು.

ಅಪ್ಪನಿಗೆ ಮಾಡಿದೆ. ಫ್ಯಾಕ್ಟರಿಯ ಗೇಟಿನಲ್ಲೇ ಫೋನ್ ತೆಗೆದಿಡುತ್ತಾರಲ್ಲ, ಹೊಡೆದುಕೊಳ್ಳುತ್ತಲೇ ಇತ್ತು. ನಿನಗೆ ಮಾಡಿದೆ. ನೀನು ಎತ್ತಿ, ‘ಯಾಕಪಾ, ಇವತ್ತ... ಐತವಾರ... ಅಲ್ಲಲ್ಲ?’ ಎಂದೆ. ಅಷ್ಟು ಮಾತಿಗೆ ನೀನು ಎರಡು ಕಡೆ ಉಸಿರಿಗೆ ನಿಂತೆ. ನನಗೆ ಅಷ್ಟು ಸಾಕಿತ್ತು. ಅಂಬುಬಾಯಿಗೆ ಫೋನ್ ಕೊಡು ಎಂದು ನಾನು ಹೇಳಿದೆ. ‘ಯಾಕ? ಆಕಿಗ್ಯಾಕ? ನಿನಗ ಹೇಳಬ್ಯಾಡ ಅಂದಿದ್ದೆ’ ಎಂದೆ ನೀನು. ನಾನು ನಿನ್ನ ಮೇಲೆ ಕೂಗಿದೆ. ಹುಟ್ಟಿದ ಮೇಲೆ ಮೊದಲ ಸಲ. ಹುಡುಗರೆಲ್ಲ ಬಾಗಿಲಲ್ಲಿ ಸೇರಿದ್ದರು, ನಾನು ಕನ್ನಡದಲ್ಲಿ ಕೂಗುತ್ತಿದ್ದೆ, ಯಾರೂ ನಗಲಿಲ್ಲ.

ಆಂಬುಲೆನ್ಸಿಗೆ ವಾರ್ಡನ್ನೇ ಫೋನ್ ಮಾಡಿದರು. ನಿನ್ನ ಜೊತೆ ಬಂದದ್ದು ಅಂಬುಬಾಯಿ. ದವಾಖಾನೆಗೂ ವಾರ್ಡನ್ನೇ ಮಾತಾಡಿ, ಬರುವವಳಿಗೆ ತೆಲುಗು ಬರುವುದಿಲ್ಲ, ಕನ್ನಡದವರನ್ನು ಯಾರನ್ನಾದರೂ ಹತ್ತಿರ ನಿಲ್ಲಿಸಿ ಕೇಳಿ ಎಂದರು.

ಹೃದಯದ ಸುತ್ತ ನೀರು ರಕ್ತ ತುಂಬಿ ಅದು ಬಿಚ್ಚಿ ಬಡಿಯಲು ಜಾಗವಿರಲಿಲ್ಲವಂತೆ. ರಕ್ತ ತೆಳುವಾಗುವ ಗುಳಿಗೆ ತಿನ್ನುವವರಲ್ಲಿ ಹೀಗೆ ಆಗುವುದುಂಟಂತೆ, ಅದಕ್ಕೇ ಆಯಾಸಂ ಆಯಾಸಂ ಎಂದು ಕೇಳುತ್ತಾರಂತೆ. ಸೂಜಿ ಹಾಕಿ ತೆಗೆದರು. ಇದನ್ನೆಲ್ಲ ನನಗೆ ಹೇಳಿದ್ದು ಡಾಕ್ಟರು. ಅಪ್ಪ ಹೇಳಿದ್ದು ‘ನೀರ ತುಂಬಿತ್ತಂತ, ತಗದಾರ’ ಎಂದಷ್ಟೇ. ತನ್ನ ಪಾಸ್ ನನಗೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತ. ನಾನು ಒಳಗೆ ಬಂದೆ, ನೀನು ಮುಖ ತಿರುಗಿಸಿದೆ.

ನೀನು ಹೇಳಬೇಡ ಎಂದಿದ್ದೆ. ನಾನು ಹೇಳಿದೆ. ಇನ್ನು ಮೇಲೆ ನೀನು ನನಗೆ ಏನನ್ನೂ ಬರೆಯುವುದಿಲ್ಲ ಎಂಬುದೂ ನನಗೆ ಗೊತ್ತಾಗಿದೆ.

ಕಿರಣ


ಪಟಾನ್‌ಚೆರು
22 ಅಕ್ಟೋಬರ್ 2024

ತಮ್ಮಾ ಕಿರಣ,

ದಸರಾಕ್ಕ ಬಂದಿದ್ದಿ. ಹೋಳಿಗಿ ಉಂಡಿ, ನನ್ನ ಗುಂಡು ಏರಿಸಿದಿ, ಅಂಬುಬಾಯಿಗೆ ಇಂಗ್ಲಿಷ್ ಕಲಿಸಿದಿ. ಆಕಿ ಈಗ ಹಾಲಿನವಗೂ ‘ಗುಡ್ ಮಾರ್ನಿಂಗ್ ಅಮ್ಮಾ’ ಅಂತಾಳ. ಆದ್ರ ಅಷ್ಟೂ ದಿನ ನೀನೂ ಆ ಮಾತು ತಗೀಲಿಲ್ಲ, ನಾನೂ ತಗೀಲಿಲ್ಲ. ಬಾಯಿಲೆ ಆಗೂದಿಲ್ಲ ನಮಗ ಇಬ್ಬರಿಗೂ.

ಸಿಟ್ಟು ಬಂದಿತ್ತು, ಖರೇ. ನಿನಗ ಯಾಕ ಬರದಿದ್ದೆ ಅಂತ ತಿಳದಿ? ದೇವರ ಮುಂದ ಹೇಳಿಕೊಂಡಂಗ ಬರದಿದ್ದೆ. ಹೇಳಿದ್ರ ದೇವರೇನು ಜಗಲಿ ಬಿಟ್ಟು ಎದ್ದು ಓಡಿ ಬರತಾನೇನು? ಕೇಳಿ ಸುಮ್ಮನಿರತಾನ ಅಂತನ ಹೇಳತೀವಿ. ನೀ ಎದ್ದು ಓಡಿದಿ. ನಾ ಎಲ್ಲಿ ಬಾಯಿ ಬಿಡಬೇಕು ಹಂಗಾದ್ರ ಅಂತ ಸಿಟ್ಟು ಬಂತು. ಮಕ್ಕೊಂಡು ಉಸರು ತಗೊಳಾಕ ಬಂದ ಮ್ಯಾಲ ಸಿಟ್ಟು ಇಳೀತು. ಏದುವಾಗ ಸಿಟ್ಟೂ ಛಂದ ಮಾಡಾಕ ಆಗಂಗಿಲ್ಲ.

ಆ ಹುಡುಗಿ ಫೋನ್ ಬರತೈತಿ ಈಗೂ. ಈಗ ನಾ ಆಕಿಗೆ ಹೇಳತೀನಿ, ‘ಆಯಾಸಂ ಲೇದು, ದಣಿವು ಉಂದಿ.’ ಆಕಿ ಕುಲುಕುಲು ನಗತಾಳ.

ನಿನಗ ಬರಿಯೂದಿಲ್ಲ ಅಂತ ನೀ ಬರದಿದ್ದಿ. ಬರೀತೀನಿ. ಈ ಸಲ ಬ್ಯಾರೆ ನಮೂನಿ ಬರೀತೀನಿ. ಇದನ್ನ ಮಡಚಿ ಇಡಬ್ಯಾಡ, ನಿಮ್ಮಪ್ಪಾರಿಗೆ ಹೇಳು.

ಹೊಸಾ ಬಾಗಲಾ ಸಪ್ಪಳ ಮಾಡತೈತಿ. ಹಗಲೊತ್ತು ಗೊತ್ತಾಗಂಗಿಲ್ಲ, ಮನಿ ಶಾಂತ ಆದ್ರ ಕೇಳತೈತಿ, ಟಿಕ್ ಟಿಕ್ ಅಂತ. ಲೋಹದ್ದು ಹಂಗ ಅಂತ ಡಾಕ್ಟರು ಹೇಳ್ಯಾರ, ಚಿಂತಿ ಏನಿಲ್ಲಂತ. ಆಪರೇಷನ್ ಮುಗಿಸಿ ದವಾಖಾನಿಂದ ಬಂದ ಮೊದಲನೇ ದಿನ ನಿಮ್ಮಪ್ಪಾರು ಬಾಜೂಕ ಮಕ್ಕೊಂಡವರು ಎದ್ದು ಕುಂತು, ‘ಹೊಸಾ ಗಡಿಯಾರ ಯಾರ ತಂದ್ರು?’ ಅಂದ್ರು. ನಾ ಎದಿ ಮುಟ್ಟಿ ತೋರಿಸಿದೆ.  ಅವರು ಮರುದಿನದಿಂದ ಹೊರಗ ಪಡಸಾಲ್ಯಾಗ ಚಾಪಿ ಹಾಸ್ಯಾರ. ‘ಪಾಳಿ ಮುಗಿಸಿ ಬರೂದು ತಡಾ ಆಗತೈತಿ, ನಿನ್ನ ನಿದ್ದಿ ಯಾಕ ಕೆಡಸ್ಲಿ?’ ಅಂತಾರ. ನಾ ಗ್ವಾಡಿಗೆ ಆನಿ ಕುಂತದ್ದು ಅವರಿಗೆ ಅದಕ್ಕ ಗೊತ್ತಾಗಲಿಲ್ಲ. ನೀ ಇದ್ದಾಗ ಅಪ್ಪ ಮಗ ಇಬ್ಬರೂ ಹೊರಗ ಮಕ್ಕೊಂಡ್ರಿ, ನಿನಗೂ ತಿಳೀಲಿಲ್ಲ.

ಅವರಿಗೆ ಅಸಹ್ಯ ಇಲ್ಲ, ನನಗ ಗೊತ್ತು. ಆ ಸಪ್ಪಳ ಕೇಳಾಕ ಅಂಜತಾರ. ಕೇಳಕೋತ ಮಕ್ಕೊಂಡಾಗ ನಿಂತುಬಿಟ್ರ ಅಂತ. ನಾ ‘ಒಳಗ ಬರ್ರಿ’ ಅಂತ ಹೆಂಗ ಹೇಳಲಿ? ಈ ವಯಸ್ಸಿನಾಗ ಇದನ್ನ ಬಾಯಿಬಿಟ್ಟು ಕೇಳಾಕ ನನಗ ನಾಚಿಕಿ. ಮಗಗ ಬರಿಯಾಕೂ ನಾಚಿಕಿ, ಆದ್ರೂ ಬರದೀನಿ. ನಿನಗ ಈಗ ಹೇಳಾಕ ಬರತೈತಿ. ನೀ ಹೇಳು.

ನಿಮ್ಮವ್ವ


ನಾರಾಯಣಗೂಡ
26 ಅಕ್ಟೋಬರ್ 2024

ಅಪ್ಪಾ,

ನಿನಗೆ ನಾನು ಯಾವತ್ತೂ ಪತ್ರ ಬರೆದಿಲ್ಲ. ಮಾತಾಡುವಾಗ ನೀನು ಎನ್ನುತ್ತೇನೆ, ಬರೆಯಲು ಕೂತರೆ ಕೈ ನೀವು ಎನ್ನುತ್ತಿದೆ. ಎರಡು ಸಲ ಹರಿದು ಮತ್ತೆ ಬರೆದೆ. ನೀನು ಎಂದೇ ಇರಲಿ.

ನಾಳೆ ಭಾನುವಾರ, ಫೋನ್ ಮಾಡುತ್ತೇನೆ. ನೀನು ಎತ್ತಿ ಆರಾಮ ಎನ್ನುತ್ತೀಯ, ನಾನು ಹೂಂ ಎನ್ನುತ್ತೇನೆ. ಈ ವಿಷಯ ಅಲ್ಲಿ ಹೇಳಲಾಗುವುದಿಲ್ಲ.

ನಮ್ಮ ರೂಮಿನ ಫ್ಯಾನ್ ತಿರುಗುವಾಗ ಕಿರ್ ಎನ್ನುತ್ತದೆ. ಜೂನಿನಲ್ಲಿ ಬಂದಾಗ ನನಗೆ ಹೆದರಿಕೆಯಾಗುತ್ತಿತ್ತು, ತಲೆಯ ಮೇಲೆ ಕಳಚಿ ಬಿದ್ದರೆ ಎಂದು. ಹಾಸಿಗೆ ಎಳೆದುಕೊಂಡು ಬಾಗಿಲ ಹತ್ತಿರ ಮಲಗುತ್ತಿದ್ದೆ. ಅಲ್ಲಿಗೂ ಕೇಳುತ್ತಿತ್ತು, ದೂರದಿಂದ ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು. ಆಮೇಲೆ ವಾಪಸ್ ಅದರ ಕೆಳಗೇ ಬಂದು ಮಲಗಿದೆ. ಹೋದ ವಾರ ಕರೆಂಟ್ ಹೋಗಿ ಫ್ಯಾನ್ ನಿಂತಿತು. ರೂಮಿನ ಎಂಟು ಜನಕ್ಕೂ ಒಟ್ಟಿಗೆ ಎಚ್ಚರವಾಯಿತು. ಮತ್ತೆ ಅದು ಕಿರ್ ಎಂದ ಮೇಲೇ ಎಲ್ಲರೂ ಮಲಗಿದೆವು. ನಾನು ಹಾಸ್ಟೆಲಿನಲ್ಲಿ ಕಲಿತದ್ದರಲ್ಲಿ ನಿನಗೆ ಹೇಳುವಂಥದ್ದು ಇದೊಂದೇ.

ಚಾಪೆಯನ್ನು ಒಳಗೆ ಹಾಸು, ಅಪ್ಪಾ.

ಅವ್ವ ಹೇಳಿಸಿದಳು ಎಂದುಕೊಂಡರೂ ಪರವಾಗಿಲ್ಲ. ಅವಳೇ ಹೇಳಿಸಿದ್ದು. ಆ ಸಪ್ಪಳ ನಿನಗೆ ಕೇಳಬಾರದೆಂದು ನೀನು ಹೊರಗೆ ಮಲಗುತ್ತೀಯ. ಅವಳು ಅದನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ಅಲ್ಲಿ ಒಬ್ಬಳೇ ಕೇಳಿಸಿಕೊಳ್ಳುತ್ತಾ ಮಲಗಿರುತ್ತಾಳೆ.

ನಿನ್ನ ಮಗ,
ಕಿರಣ